ಬೋಣಿಯ ನಗು

ಬೋಣಿ ಆಗುವ ತನಕ ಲಿಂಗರಾಜು ಅವರನ್ನು ಮಾತಾಡಿಸಲು ಹೋಗಬಾರದು ಎಂಬುದು ವಿಜಯವಾಡದ ಒನ್ ಟೌನ್ ಪೇಟೆಯಲ್ಲಿ ಬೇಳೆಕಾಳು ವ್ಯಾಪಾರ ಮಾಡುವವರಿಗೆಲ್ಲ ಗೊತ್ತಿದ್ದ ಸಂಗತಿ. ದಿನದ ಮೊದಲ ಗಿರಾಕಿ ಕೈಗೆ ಕಾಸಿಟ್ಟು, ಅದನ್ನವರು ಕಣ್ಣಿಗೊತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕಿದ ಮೇಲೆಯೇ ಅವರು ಮನುಷ್ಯರಾಗುತ್ತಿದ್ದರು. ಅಲ್ಲಿಯವರೆಗೆ ಚಹಾ ಇಲ್ಲ, ಕಡದ ಮಾತಿಲ್ಲ, ಹೆಂಡತಿ ಚೆನ್ನಮ್ಮ ಫೋನ್ ಮಾಡಿದರೂ ಎತ್ತುವುದಿಲ್ಲ. ಮೀಸೆ ಚಿಗುರುವ ವಯಸ್ಸಿನಲ್ಲಿ ಕೊಟ್ಟೂರಿನಿಂದ ಸೋದರಮಾವನ ಅಂಗಡಿಗೆ ಬಂದವರು ಇಲ್ಲಿಯೇ ಉಳಿದು ಅಂಗಡಿಯನ್ನೂ ಬೆಳೆಸಿ ತಾವೂ ದಪ್ಪಗಾಗಿದ್ದರು. ವ್ಯವಹಾರವೆಲ್ಲ ತೆಲುಗಿನಲ್ಲಿ ನಡೆಯುತ್ತಿತ್ತು, ಸಿಟ್ಟು ಬಂದಾಗ ಮಾತ್ರ ಕೊಟ್ಟೂರಿನ ಕನ್ನಡ ಹೊರಬರುತ್ತಿತ್ತು.

ಬೆಳಗ್ಗೆ ಎದ್ದು ಸ್ನಾನ ಮಾಡಿ, ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡು, ಕಣ್ಣು ಮಿಟುಕಿಸದೆ ನೋಡುತ್ತ ಕೂರುವುದು ಅವರ ಪದ್ಧತಿ. ಅದೇ ಅಂಗೈ ಅಂಗಡಿಗೆ ಬಂದ ಮೇಲೆ ಚೀಲದಿಂದ ತೆಗೆದ ಮಾದರಿ ಕಾಳನ್ನು ಹಿಡಿಯುತ್ತಿತ್ತು. ಕಡಲೆಯೋ ತೊಗರಿಯೋ, ಅಂಗೈಯಲ್ಲಿ ಒಮ್ಮೆ ಹೊರಳಿಸಿದರೆ ಹೊಸದೋ ಹಳೆಯದೋ ಹೇಳುತ್ತಿದ್ದರು. ಹತ್ತರಲ್ಲಿ ಎರಡು ಸಲ ತಪ್ಪುತ್ತಿತ್ತು, ಆದರೆ ಆ ಎರಡನ್ನು ಅವರು ಯಾವತ್ತೂ ಒಪ್ಪಿಕೊಂಡದ್ದಿಲ್ಲ.

ಅವರ ಮಗ ಅಮೋಘ ಮದುವೆಯಾದದ್ದು ವಿಶಾಖಪಟ್ಟಣದ ಆಚೆಯ ಭೀಮುನಿಪಟ್ಟಣದ ತೆಲುಗು ಹುಡುಗಿ ಹಾರಿಕಾಳನ್ನು. ಅವರಿಗೆ ಹುಟ್ಟಿದ ಮಗುವಿಗೆ ವಿಜಯವಾಡದ ಬೆಟ್ಟದ ಮೇಲಿನ ಅಮ್ಮನವರ ಹೆಸರನ್ನೇ ಇಟ್ಟರು, ಕನಕದುರ್ಗ. ಕರೆಯುವುದು ಕನಕ ಎಂದು. ಈ ಕನಕ ಕೈಗೂಸಾಗಿದ್ದಾಗಲೇ ಬೆಳಗಿನ ಹೊತ್ತು ನಗತೊಡಗಿದಳು. ಯಾರೂ ಆಡಿಸಿದ್ದಿಲ್ಲ, ಯಾರೂ ಕಚಗುಳಿ ಇಟ್ಟದ್ದಿಲ್ಲ. ಗೋಡೆ ನೋಡಿಕೊಂಡು ಕಿಲಕಿಲ ಎಂದು ಅಲೆಅಲೆಯಾಗಿ ನಗುವುದು, ಆಮೇಲೆ ಸ್ವಿಚ್ ಆರಿಸಿದ ಹಾಗೆ ಸುಮ್ಮನಾಗುವುದು. ದೇವರು ಆಡಿಸ್ತಾನ ಎಂದು ಚೆನ್ನಮ್ಮ ದೃಷ್ಟಿ ತೆಗೆದರು.

ಒಂದು ಬೆಳಗ್ಗೆ ಲಿಂಗರಾಜು ಮಗುವನ್ನು ಎತ್ತಿಕೊಂಡು ಅಂಗಡಿಗೆ ಬಂದಾಗ ಕಡಲೆ ಚೀಲದ ಮೇಲೆ ಕೂತು ಅದು ನಕ್ಕಿತು. ನಗು ನಿಲ್ಲುವಷ್ಟರಲ್ಲಿ ಏಲೂರಿನ ದೊಡ್ಡ ಗಿರಾಕಿ ಬಾಗಿಲಲ್ಲಿ ನಿಂತಿದ್ದ. ಸಾಕಲ್ಲ, ಲಿಂಗರಾಜು ಅವರಿಗೆ ಇನ್ನೇನು ಬೇಕು. ಅವತ್ತಿನಿಂದ ಕನಕಳ ನಗುವೇ ಆ ಅಂಗಡಿಯ ಬೋಣಿಯಾಯಿತು. ದಿನಾ ಬೆಳಗ್ಗೆ ಗೆಜ್ಜೆ ಹಾಕಿ, ಕಾಡಿಗೆ ಬೊಟ್ಟಿಟ್ಟು, ಅವಳನ್ನು ಚೀಲದ ಮೇಲೆ ಕೂರಿಸುವುದು. ಅವಳು ನಕ್ಕ ಮೇಲೆಯೇ ತಕ್ಕಡಿಗೆ ಕೈ ಹಾಕುವುದು. ಅಷ್ಟು ಸಾಲದೆಂದು ಆ ನಗುವನ್ನು ಫೋನಿನಲ್ಲಿ ಹಿಡಿದು, ಕೆಳಗೆ ಎರಡು ಗುಲಾಬಿ ಹೂ ಸೇರಿಸಿ, ವ್ಯಾಪಾರಿಗಳ ವಾಟ್ಸಾಪ್ ಗುಂಪಿಗೆ ಶುಭೋದಯ ಎಂದು ಕಳಿಸುತ್ತಿದ್ದರು. ಉಪ್ಪಿನ ವ್ಯಾಪಾರಿಯಿಂದ ಹಿಡಿದು ಹಿತ್ತಾಳೆ ಪಾತ್ರೆಯವನ ತನಕ ಆ ವಿಡಿಯೋ ನೋಡದೆ ಬಾಗಿಲು ತೆರೆಯುತ್ತಿರಲಿಲ್ಲವಂತೆ.

ಇದರಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಅನಿಸಿದ್ದು ಹಾರಿಕಾಗೆ. ಕನಕಳಿಗೆ ಮಾತು ಬಂದ ಮೇಲೆ ಅವಳು ಆಟ ಬಿಟ್ಟು ಓಡಿ ಬಂದು ಅಮ್ಮನ ಸೀರೆ ಹಿಡಿದುಕೊಳ್ಳುತ್ತಿದ್ದಳು. "ಅಮ್ಮಾ, ವಸ್ತೋಂದಿ" ಎನ್ನುತ್ತಿದ್ದಳು, ಬರ್ತಾ ಇದೆ ಎಂದು ತೆಲುಗಿನಲ್ಲಿ. ಏನು ಬರ್ತಾ ಇದೆ ಎಂದು ಕೇಳುವಷ್ಟರಲ್ಲಿ ನಗು ಬಂದಿರುತ್ತಿತ್ತು. ಬಾಯಿ ನಗುತ್ತಿತ್ತು, ಕಣ್ಣು ಹೆದರಿ ಎಲ್ಲೋ ನೋಡುತ್ತಿದ್ದವು. ಆರನೆಯ ವರ್ಷಕ್ಕೆ ಬರುವ ಹೊತ್ತಿಗೆ ಮಗು ಉಳಿದ ಹೊತ್ತು ನಗುವುದನ್ನೇ ಬಿಟ್ಟಿತು. ಟೀವಿಯಲ್ಲಿ ಇಲಿ ಬೆಕ್ಕು ಜಗಳವಾಡಿದರೂ ಬಾಯಿಗೆ ಕೈ ಅಡ್ಡ ಹಿಡಿದು ಕೂರುತ್ತಿದ್ದಳು, ಬಾಯಿ ತೆರೆದರೆ ಆ ಇನ್ನೊಂದು ನಗು ಒಳಗೆ ಬಂದುಬಿಡುತ್ತದೆ ಎಂಬ ಹಾಗೆ.

"ಮಾವಯ್ಯಾ, ಪಾಪು ನಗೋದಿಲ್ಲ," ಎಂದಳು ಹಾರಿಕಾ ಒಂದು ದಿನ, ತನಗೆ ಬರುವಷ್ಟು ಕನ್ನಡಕ್ಕೆ ತೆಲುಗು ಬೆರೆಸಿ. "ನಗು ಬಂದು ಅವಳನ್ನ ಹಿಡ್ಕೊಳುತ್ತೆ. ಡಾಕ್ಟರಿಗೆ ತೋರಿಸೋಣ ಅಂಡಿ."

"ನಗೋ ಕೂಸಿಗೆ ರೋಗ ಅಂತೀಯಲ್ಲವ್ವ," ಎಂದರು ಲಿಂಗರಾಜು. "ಅಳೋ ಕೂಸಾಗಿದ್ರ ಏನಂತಿದ್ದಿ?"

ಅದಾದ ಸ್ವಲ್ಪ ದಿನಕ್ಕೆ, ಬೋಣಿಯ ಹೊತ್ತಿನಲ್ಲಿ, ಅವರು ಫೋನ್ ಎತ್ತಿ ಹಿಡಿದಿದ್ದಾಗಲೇ, ನಗುತ್ತಿದ್ದ ಕನಕಳ ಕತ್ತು ಒಂದು ಕಡೆಗೆ ತಿರುಗಿತು. ಮೈ ಸೆಟೆದು ಚೀಲದ ಮೇಲಿಂದ ಜಾರಿ ಕಾಳಿನ ನಡುವೆ ಬಿದ್ದಳು. ಫಿಟ್ಸ್ ಎಂದು ಯಾರೋ ಕೂಗಿದರು. ಊರಿನ ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು, ನಾರ್ಮಲ್ ಎಂದು ಬಂತು, ಮಾತ್ರೆ ಬರೆದುಕೊಟ್ಟರು. ನಾರ್ಮಲ್ ಎಂಬ ಒಂದು ಮಾತಿಗೆ ಲಿಂಗರಾಜು ಬೀದಿಗೆಲ್ಲ ಹುರಿಗಡಲೆ ಬೆಲ್ಲ ಹಂಚಿದರು. ಮಾತ್ರೆ ನುಂಗಿದರೂ ನಗು ನಿಲ್ಲಲಿಲ್ಲ. ಬೀಳುವುದೂ ಆಗಾಗ ಆಗತೊಡಗಿತು. ಮಗುವನ್ನು ಚೀಲದ ಮೇಲೆ ಕೂರಿಸಲು ಅವರಿಗೇ ಕೈ ಬರದೆ ಹೋಯಿತು, ಆದರೆ ಅದನ್ನು ಯಾರ ಮುಂದೆಯೂ ಹೇಳಲಿಲ್ಲ.

ಹಾರಿಕಾ ಎರಡನೆಯ ಬಸಿರಿಗೆ ಭೀಮುನಿಪಟ್ಟಣದ ತವರಿಗೆ ಹೊರಟಾಗ ಮಗಳನ್ನೂ ಕರೆದುಕೊಂಡಳು. ಅವಳ ತಾಯಿ ಸೂರ್ಯಕಾಂತಮ್ಮ ಗಟ್ಟಿಗಿತ್ತಿ. ಮೊಮ್ಮಗಳ ನಗುವನ್ನು ಒಂದು ಸಲ ನೋಡಿದ್ದೇ ವಿಶಾಖಪಟ್ಟಣದ ಮಕ್ಕಳ ನರರೋಗದ ಡಾಕ್ಟರು ಫಣೀಂದ್ರ ಅವರಲ್ಲಿ ಹೆಸರು ಬರೆಸಿ ಬಂದರು. ಅಂಗಡಿಯನ್ನು ಅಮೋಘನಿಗೆ ವಹಿಸಿ ಲಿಂಗರಾಜು ದಂಪತಿ ರೈಲು ಹತ್ತಿದರು. ಚೆನ್ನಮ್ಮ ಮೊಮ್ಮಗಳಿಗಾಗಿ ಹೋದರು. ಲಿಂಗರಾಜು ಹೋದದ್ದು ಡಾಕ್ಟರ ಎದುರು ತಮ್ಮ ಮಾತೇ ಸರಿ ಎಂದು ತೋರಿಸುವುದಕ್ಕೆ.

"ಇದನ್ನ ನೋಡ್ರಿ, ಆಮೇಲೆ ಹೇಳ್ರಿ ಇದು ರೋಗನಾ ಅಂತ," ಎಂದು ತೆಲುಗಿನಲ್ಲಿ ಹೇಳಿ ಫೋನನ್ನು ಮೇಜಿನ ಮೇಲಿಟ್ಟರು. ಫಣೀಂದ್ರ ಒಂದು ಶುಭೋದಯ ನೋಡಿದರು. ಇನ್ನೊಂದು ನೋಡಿದರು. ಕುರ್ಚಿ ಮುಂದೆ ಎಳೆದುಕೊಂಡು ಹಿಂದಿನ ವರ್ಷಗಳದ್ದನ್ನೂ ನೋಡುತ್ತ ಹೋದರು. ಬೇರೆ ಬೇರೆ ಫ್ರಾಕು, ಬೇರೆ ಬೇರೆ ಹಬ್ಬದ ಹೂವು, ನಗು ಮಾತ್ರ ಒಂದೇ. ಶುರುವಾಗುವ ರೀತಿ ಒಂದೇ, ನಿಲ್ಲುವ ರೀತಿ ಒಂದೇ. ಇದೂ ಒಂದು ಬಗೆಯ ಫಿಟ್ಸೇ, ನಗುವಿನ ರೂಪದಲ್ಲಿ ಬರುತ್ತದೆ ಎಂದು ಅವರು ನಿಧಾನವಾಗಿ ಹೇಳಿದರು. ಮಗುವಿಗೆ ಹೀಗಾದರೆ ಒಂದು ವಿಡಿಯೋ ತನ್ನಿ ಎಂದು ತಾಯಂದಿರನ್ನು ಬೇಡಿಕೊಳ್ಳುತ್ತೇವೆ, ನೀವು ಇವಳ ಕೈಗೂಸಿನ ದಿನದಿಂದಲೇ ಹಿಡಿದಿಟ್ಟಿದ್ದೀರಿ, ಇದು ನಮಗೆ ದಾರಿ ತೋರಿಸುತ್ತದೆ ಎಂದೂ ಸೇರಿಸಿದರು.

ಡಾಕ್ಟರು ಹೊಗಳಿಯೇ ಹೇಳಿದರು. ಮೊಮ್ಮಗಳ ರೋಗಕ್ಕೆ ಹೂವಿಟ್ಟು ಊರಿಗೆಲ್ಲ ಹಂಚಿದ್ದೇನೆ ಎಂಬುದು ಲಿಂಗರಾಜು ಅವರಿಗೆ ಅರ್ಥವಾದದ್ದು ಅಲ್ಲಿ ಕೂತಾಗ. ಕುಡಿಯಲು ನೀರು ಕೇಳಿದರು.

ಮತ್ತೆ ಸ್ಕ್ಯಾನ್ ಮಾಡಬೇಕೆಂದರು ಫಣೀಂದ್ರ, ಈ ಸಲ ಬಹಳ ತೆಳ್ಳಗಿನ ಪದರ ಪದರವಾಗಿ, ತಲೆಯ ನಟ್ಟನಡುವನ್ನೇ ಹುಡುಕುತ್ತ. ಹಿಂದಿನದು ತಪ್ಪಲ್ಲ, ಅದು ಎಲ್ಲರಿಗೂ ಮಾಡುವ ಸ್ಕ್ಯಾನು, ಅದರ ಎರಡು ಪದರಗಳ ನಡುವೆ ಸಣ್ಣದು ಉಳಿದುಹೋಗಬಹುದು ಎಂದರು. ಇದು ಮಾತ್ರ ಲಿಂಗರಾಜು ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಚೀಲಕ್ಕೆ ಎರಡು ಕಡೆ ಚುಚ್ಚಿ ನೋಡಿದರೆ ಹುಳ ಬಿದ್ದ ಕಾಳು ಮೂರನೆಯ ಕಡೆ ಇರುವುದು ಅವರ ಅನುಭವ.

ಸ್ಕ್ಯಾನಿನ ಡಾಕ್ಟರು ಅಪೂರ್ವ ತುಮಕೂರಿನ ಹುಡುಗಿ. ವಿಶಾಖಪಟ್ಟಣಕ್ಕೆ ಕೆಲಸಕ್ಕೆ ಬಂದು ದ್ವಾರಕಾ ನಗರದಲ್ಲಿ ರೂಮು ಮಾಡಿಕೊಂಡಿದ್ದಳು. ಚೆನ್ನಮ್ಮ ಗಂಡನಿಗೆ ಗೊಣಗುವುದನ್ನು ಕೇಳಿ, ಕನ್ನಡದವರಾ ಎಂದು ಮುಖ ಅರಳಿಸಿದಳು. ಅರಿವಳಿಕೆ ಕೊಡದೆ ಎಚ್ಚರವಿದ್ದಾಗಲೇ ಸ್ಕ್ಯಾನ್ ಮಾಡಿ ನೋಡೋಣ, ಮಗು ಧೈರ್ಯದಿಂದಿದೆ, ಮನೆಯವರೊಬ್ಬರು ಕಾಲ ಬಳಿ ಕೂರಬಹುದು ಎಂದಳು. ಹಾರಿಕಾ ಬಸುರಿ, ಒಳಗೆ ಬೇಡ. ಚೆನ್ನಮ್ಮನ ಮೊಣಕಾಲಿನಲ್ಲಿ ಆಪರೇಷನ್ನಿನ ಲೋಹವಿತ್ತು. ಬಂದವರಲ್ಲಿ ಉಳಿದದ್ದು ಲಿಂಗರಾಜು.

"ಒಳಗಿರೋದು ಭಾರಿ ಆಯಸ್ಕಾಂತ, ತಾತ. ಉಂಗುರ, ಉಡಿದಾರ, ಕತ್ತಲ್ಲಿರೋದು ಎಲ್ಲ ತೆಗೀಬೇಕು."

"ಕರಡಿಗಿ ತೆಗೀತೀನವ್ವ. ಲಿಂಗಾ ಮಾತ್ರ ಬಟ್ಟ್ಯಾಗ ಕಟ್ಟಿಕೊಂಡು ಬರ್ತೀನಿ. ಅದು ಕಲ್ಲು."

ಅಪೂರ್ವ ತಲೆ ಅಲ್ಲಾಡಿಸಿದಳು. "ಅದರೊಳಗೆ ಏನೇನು ಸೇರಿಸಿರ್ತಾರೋ ನಂಗೊತ್ತಿಲ್ಲ ತಾತ. ಗೊತ್ತಿಲ್ದೇ ಇರೋದನ್ನ ಒಳಗೆ ಬಿಡೋ ಹಾಗಿಲ್ಲ. ಬೇಜಾರು ಮಾಡ್ಕೋಬೇಡಿ."

ದೀಕ್ಷೆಯಾದ ದಿನದಿಂದ ಆ ಲಿಂಗ ಅವರ ಮೈ ಬಿಟ್ಟು ಇದ್ದದ್ದಿಲ್ಲ. ಜ್ವರದಲ್ಲಿ, ರೈಲಿನಲ್ಲಿ, ಅಪ್ಪ ಸತ್ತ ದಿನ, ಎಲ್ಲೂ ಬಿಟ್ಟಿರಲಿಲ್ಲ. ಲಿಂಗರಾಜು ಕೊರಳಿಗೆ ಕೈ ಹಾಕಿ ನಿಂತೇಬಿಟ್ಟರು. ಬಾಗಿಲ ಆಚೆ ಕನಕ ಆಸ್ಪತ್ರೆಯ ಸಡಿಲ ಅಂಗಿಯಲ್ಲಿ, ಗೆಜ್ಜೆ ಬಿಚ್ಚಿದ ಬರಿಗಾಲಿನಲ್ಲಿ, ಯಾರು ಬರುತ್ತಾರೆ ಎಂದು ನೋಡುತ್ತಿದ್ದಳು.

"ಕೊಡ್ರಿ ಇಲ್ಲಿ," ಎಂದರು ಚೆನ್ನಮ್ಮ, ಎಡಗೈ ಚಾಚಿ. "ನನ್ನ ಅಂಗೈ ಇಲ್ಲೇನು?"

ಹೆಂಡತಿಯ ಅಂಗೈಯಲ್ಲಿ ಲಿಂಗವಿಟ್ಟು ಅವರು ಒಳಗೆ ಹೋದರು.

ಬಿಳಿಯ ದೊಡ್ಡ ಗುಹೆಯಂಥ ಯಂತ್ರ. ಕಿವಿಗೆ ಬೆಂಡು, ಅದರ ಮೇಲೆ ಮುಚ್ಚಳ. ಕನಕಳ ತಲೆ ಒಳಗೆ ಹೋಯಿತು, ಪಾದಗಳು ಮಾತ್ರ ಲಿಂಗರಾಜು ಅವರ ಕೈಯಲ್ಲಿ ಉಳಿದವು. ಯಂತ್ರ ಬಡಿಯತೊಡಗಿತು, ಬಡಿತ ಬದಲಾಯಿತು, ಮತ್ತೆ ಬಡಿಯಿತು. ಮಗು ಅಲುಗಲಿಲ್ಲ. ಇನ್ನೇನು ಮುಗಿಯುತ್ತದೆ ಎನ್ನುವಾಗ ಬಡಿತದ ನಡುವೆ ಆ ನಗು ಕೇಳಿಸಿತು.

ಕಿಲಕಿಲ, ಅಲೆಅಲೆಯಾಗಿ. ಇಷ್ಟು ವರ್ಷ ಆ ನಗುವನ್ನು ಅವರು ಮುಖ ನೋಡುತ್ತ ಕೇಳಿದ್ದರು. ಈಗ ಮುಖ ಕಾಣುತ್ತಿರಲಿಲ್ಲ. ಕೈಯಲ್ಲಿದ್ದದ್ದು ಎರಡು ಪಾದ. ಆ ಪಾದಗಳು ನಗುತ್ತಿರಲಿಲ್ಲ. ನಿದ್ದೆಹೋದವರ ಕಾಲಿನ ಹಾಗೆ ಜೋತು ಬಿದ್ದಿದ್ದವು. ಅಮೋಘ ಕೂಸಾಗಿದ್ದಾಗ ನಕ್ಕರೆ ತೊಟ್ಟಿಲೇ ಅಲ್ಲಾಡುವಂತೆ ಒದೆಯುತ್ತಿದ್ದ. ನಗುವ ಮಗುವಿನ ಕಾಲು ಸುಮ್ಮನಿರುವುದುಂಟೇ. ಒಳಗೆ ನಗುತ್ತಿರುವುದು ತಮ್ಮ ಮೊಮ್ಮಗಳಲ್ಲ ಎಂದು ಆ ಪಾದಗಳು ಲಿಂಗರಾಜು ಅವರಿಗೆ ಹೇಳುತ್ತಿದ್ದವು.

ಅಪೂರ್ವ ಯಂತ್ರ ನಿಲ್ಲಿಸಿ ಬಂದು ಮಗುವನ್ನು ನೋಡಿದಳು, ತಲೆ ಸವರಿದಳು. ಮಂಕು ಕಳೆದ ಮೇಲೆ, ಕೊನೆಯ ಭಾಗವನ್ನು ಇನ್ನೊಮ್ಮೆ ತೆಗೀಲಾ ಎಂದು ಕೇಳಿದ್ದಕ್ಕೆ ಕನಕ ಸರಿ ಎಂದಳು. "ತಾತ, ಕಾಲು ಬಿಡಬೇಡ," ಎಂದು ಮಾತ್ರ ಹೇಳಿದಳು.

ಸಂಜೆ ಫಣೀಂದ್ರ ಅವರ ಕೋಣೆಯಲ್ಲಿ ಅಪೂರ್ವ ಪರದೆ ತಿರುಗಿಸಿ ತೋರಿಸಿದಳು. ಕರಡಿಗೆ ಮತ್ತೆ ಲಿಂಗರಾಜು ಅವರ ಕೊರಳಿಗೆ ಬಂದಿತ್ತು. ಮೊದಲು ಕಪ್ಪು. ಆಮೇಲೆ ಮಂಜಿನೊಳಗಿಂದ ಬಂದಂತೆ ಎರಡು ದುಂಡನೆಯ ಕಣ್ಣು, ಮೂಗಿನ ಗೂಡು. ಆಮೇಲೆ ಮಡಿಕೆ ಮಡಿಕೆಯಾದ ಮಿದುಳು, ಹೂಕೋಸನ್ನು ಅಡ್ಡ ಸೀಳಿದಂತೆ. ಬೆರಳಾಡಿಸಿದ ಹಾಗೆಲ್ಲ ಪದರ ಬಂದು ಪದರ ಹೋಯಿತು. ಎಲುಬು ತೆರೆಯದೆ, ಒಂದು ಹನಿ ರಕ್ತ ಬೀಳಿಸದೆ, ಮೊಮ್ಮಗಳ ತಲೆಯ ಒಳಗೆ ಅವರು ನಡೆದು ಹೋಗುತ್ತಿದ್ದರು. ಅವಳಿಗೆ ಕೊಟ್ಟೂರಿನ ಕಥೆ ಹೇಳಿದ್ದು ಇಲ್ಲೆಲ್ಲೋ ಇದೆ, ಅಜ್ಜಿಯ ಹೆಸರು ಇಲ್ಲೆಲ್ಲೋ ಇದೆ. ಬೆಳಗಿನ ಪೂಜೆಯಲ್ಲಿ ಅಂಗೈ ನೋಡುತ್ತಾ ಕೂತಾಗ ಆಗುವ ಹಾಗೆಯೇ, ಸುತ್ತಲಿನ ಕೋಣೆ ಅವರಿಗೆ ಇಲ್ಲವಾಯಿತು.

"ಇದೆಲ್ಲ ಆಯಸ್ಕಾಂತದಾಗ ಹೆಂಗ ಕಾಣ್ತತವ್ವ?"

"ಮೈಯಲ್ಲಿರೋ ನೀರನ್ನೇ ಮಾತಾಡಿಸ್ತೀವಿ ತಾತ. ಒಂದೊಂದು ಜಾಗದ ನೀರು ಒಂದೊಂದು ಥರ ಉತ್ತರ ಕೊಡುತ್ತೆ." ಅಪೂರ್ವ ಚಿತ್ರವನ್ನು ದೊಡ್ಡದು ಮಾಡಿದಳು. "ಇಲ್ನೋಡಿ. ನಟ್ಟನಡುವೆ, ತಳದಲ್ಲಿ."

ಸುತ್ತಲಿನ ಬೂದಿ ಬಣ್ಣಕ್ಕಿಂತ ಸ್ವಲ್ಪವೇ ಬೆಳ್ಳಗೆ, ಒಂದು ಸಣ್ಣ ದುಂಡನೆಯ ವಸ್ತು ಜೋತಿತ್ತು.

"ಕಡ್ಲಿಕಾಳಿನಷ್ಟು ಐತಿ," ಎಂದರು ಲಿಂಗರಾಜು.

"ಅಷ್ಟೇ. ಇದು ಹರಡೋ ಗಡ್ಡೆ ಅಲ್ಲ. ಹೊಟ್ಟೇಲಿದ್ದಾಗ್ಲೇ ಮಿದುಳಿನ ಒಂದು ಚೂರು ತನ್ನ ಜಾಗ ಬಿಟ್ಟು ಇಲ್ಲಿ ಬೆಳೆದುಬಿಟ್ಟಿದೆ. ಯಾರ ತಪ್ಪೂ ಅಲ್ಲ. ಅವಳನ್ನ ನಗಿಸ್ತಾ ಇರೋದು ಇದೇ."

ಜೀವಮಾನವಿಡೀ ಕಡಲೆ ತೂಗಿದ ಮನುಷ್ಯ ಆ ಒಂದು ಕಾಳನ್ನು ನೋಡುತ್ತಲೇ ಉಳಿದರು. ಒಂದು ಬೀದಿಯ ಅಂಗಡಿಗಳೆಲ್ಲ ಬಾಗಿಲು ತೆರೆದದ್ದು ಇದರ ಅಪ್ಪಣೆಗೆ. ಇಷ್ಟು ಸಣ್ಣದು ಅಷ್ಟು ದೊಡ್ಡ ನಗುವನ್ನು ಎಲ್ಲಿಂದ ತರುತ್ತಿತ್ತು. ಭಯವೋ ಭಕ್ತಿಯೋ ತಿಳಿಯದೆ ಅವರ ಕೈಗಳು ಪರದೆಯ ಮುಂದೆ ಮುಗಿದುಕೊಂಡವು. ಅಪೂರ್ವ ನಗಲಿಲ್ಲ. ತಾನೂ ದಿನಾ ನೋಡುತ್ತೇನೆ, ದಿನಾ ಒಂದು ಗಳಿಗೆ ಸುಮ್ಮನಾಗಿಬಿಡುತ್ತೇನೆ ಎಂದಳು.

ತೆಳ್ಳಗಿನ ತಂತಿಯೊಂದನ್ನು ಇದೇ ಚಿತ್ರದ ಆಧಾರದ ಮೇಲೆ ಅಲ್ಲಿಗೆ ಇಳಿಸಿ, ಆ ಕಾಳನ್ನು ಸುಟ್ಟು ಸುಮ್ಮನಾಗಿಸಬಹುದು, ಹೈದರಾಬಾದಿನಲ್ಲಿ ಮಾಡುತ್ತಾರೆ ಎಂದರು ಫಣೀಂದ್ರ. ಅಪಾಯ ಇಲ್ಲವೆಂದೇನಲ್ಲ, ಆದರೆ ಬಿಟ್ಟರೆ ಬೀಳುವುದು ಹೆಚ್ಚಾಗುತ್ತದೆ, ಕಲಿಯುವುದು ಕಡಿಮೆಯಾಗುತ್ತದೆ. ಹಾರಿಕಾ ಕೂಡಲೇ ಒಪ್ಪಿದಳು, ಅಮೋಘ ಫೋನಿನಲ್ಲಿ ಒಪ್ಪಿದ. ಲಿಂಗರಾಜು ಹೊರಗೆ ಬಂದು ಅಪೂರ್ವಳನ್ನು ಕೇಳಿದರು.

"ಆ ಕಾಳು ಹೋದ್ರ ಆ ನಗು ಹೋಗ್ತತಿ. ಅವಳದೇ ನಗು ಅಂತ ಒಂದು ಒಳಗ ಐತೇನವ್ವ? ಅವಳು ನಗೋದು ಬಿಟ್ಟು ವರ್ಷ ಆತು."

"ಸ್ಕ್ಯಾನಲ್ಲಿ ಅದು ಕಾಣಲ್ಲ ತಾತ," ಎಂದಳು ಅವಳು. "ಕಂಡಿದ್ರೆ ಹೇಳ್ತಿದ್ದೆ."

ಭೀಮುನಿಪಟ್ಟಣಕ್ಕೆ ಹೋಗುವ ದಾರಿಯುದ್ದಕ್ಕೂ ಎಡಗಡೆ ಗುಡ್ಡ, ಬಲಗಡೆ ಸಮುದ್ರ. ಲಿಂಗರಾಜು ಸಮುದ್ರ ನೋಡಲಿಲ್ಲ. ಫೋನನ್ನು ಕಿವಿಗೆ ಹಿಡಿದು ಒಂದೊಂದೇ ಶುಭೋದಯ ಕೇಳಿದರು. ಎಲ್ಲದರಲ್ಲೂ ನಗು ಇತ್ತು. ಅವರೇ ಕೊಡಿಸಿದ ಗೆಜ್ಜೆಯ ಸದ್ದು ಯಾವುದರಲ್ಲೂ ಇರಲಿಲ್ಲ.

ಹೈದರಾಬಾದಿನಲ್ಲಿ ಕೆಲಸ ಸರಿಯಾಗಿ ಆಯಿತು. ಮುಂದೆ ವಿಶಾಖಪಟ್ಟಣದಲ್ಲಿ ಮತ್ತೆ ಸ್ಕ್ಯಾನ್ ಮಾಡಿದಾಗ ಕಾಳಿದ್ದ ಜಾಗದಲ್ಲಿ ಸಣ್ಣ ಕಲೆಯಷ್ಟೇ ಕಂಡಿತು. ಬೀಳುವುದು ನಿಂತಿತು, ನಗುವೂ ನಿಂತಿತು. ಕನಕ ಅಕ್ಷರ ಬರೆದಳು, ಹೊಸದಾಗಿ ಹುಟ್ಟಿದ ತಮ್ಮನ ಕೆನ್ನೆ ಹಿಂಡಿದಳು, ಊಟಕ್ಕೆ ಹಟ ಮಾಡಿದಳು. ನಗಲಿಲ್ಲ. ಎಲ್ಲರೂ ಸರಿಹೋದಳು ಎಂದರು. ಲಿಂಗರಾಜು ಮಾತ್ರ ಅವಳೆದುರು ಮಂಗನಾಗಿ, ಕೋಳಿಯಾಗಿ, ಲುಂಗಿಯನ್ನು ಸೊಂಡಿಲು ಮಾಡಿಕೊಂಡು ಆನೆಯಾಗಿ ನೋಡಿದರು. ಅವಳು ಗಂಭೀರವಾಗಿ ನೋಡುತ್ತಿದ್ದಳು. ಬೀದಿಯವರು ವಿಡಿಯೋ ಯಾಕಿಲ್ಲ ಎಂದು ಕೇಳಿದ್ದಕ್ಕೆ ಅವರು ಗುಂಪಿನಿಂದಲೇ ಹೊರಬಂದರು. ನಾವು ಅವಳಿಂದ ನಗುವನ್ನು ತೆಗೆಸಿಬಿಟ್ಟೆವೇನೋ ಎಂದು ಒಬ್ಬರೇ ಇದ್ದಾಗ ಕಣ್ಣು ಒರೆಸಿಕೊಂಡದ್ದೂ ಉಂಟು.

ಶಾಲೆಗೆ ರಜೆಯಿದ್ದ ಒಂದು ಬೆಳಗ್ಗೆ ತಾನೂ ಬರುತ್ತೇನೆಂದು ಕನಕ ಅಂಗಡಿಗೆ ಬಂದಳು. ಲಿಂಗರಾಜು ಅವಳನ್ನು ಚೀಲದ ಮೇಲೆ ಕೂರಿಸಲಿಲ್ಲ, ಒಳಗಿನ ಚಾಪೆಯ ಮೇಲೆ ಕೂರಿಸಿ ಮಂಡಕ್ಕಿ ಕೊಟ್ಟರು. ಬೋಣಿ ಇನ್ನೂ ಆಗಿರಲಿಲ್ಲ. ಬಾಗಿಲಿಗೆ ಬೆನ್ನು ಮಾಡಿ ಅಮ್ಮನವರ ಪಟದ ಮುಂದೆ ಕಣ್ಣುಮುಚ್ಚಿ ನಿಂತು ಊದಿನಕಡ್ಡಿ ಬೆಳಗುತ್ತಿದ್ದಾಗ, ಹಿಂದಿನಿಂದ ಒಂದು ಸದ್ದು ಕೇಳಿಸಿತು.

ಒರಟು ಸದ್ದು, ಗಂಟಲಲ್ಲಿ ಮಂಡಕ್ಕಿ ಸಿಕ್ಕಿದ ಹಾಗೆ, ನಡುನಡುವೆ ಮೂಗಿನಲ್ಲಿ ಗೊರಕೆ. ಅವರು ಎಂದೂ ಕೇಳದ ಸದ್ದು. ಫಿಟ್ಸ್ ಮರಳಿ ಬಂತು ಎಂದುಕೊಂಡರು. ಊದಿನಕಡ್ಡಿ ಎಸೆದು ಓಡಿದರು, ಆಸ್ಪತ್ರೆಯಲ್ಲಿ ಹೇಳಿಕೊಟ್ಟಂತೆ ಮಗುವನ್ನು ಮಗ್ಗುಲಿಗೆ ಹೊರಳಿಸಿದರು, ಕುತ್ತಿಗೆಯ ಗುಂಡಿ ಸಡಿಲಿಸಿದರು, ಸ್ಕ್ಯಾನಿನ ದಿನದ ಹಾಗೆ ಎರಡೂ ಪಾದ ಹಿಡಿದುಕೊಂಡರು.

ಪಾದಗಳು ಅವರ ಎದೆಗೇ ಒದ್ದವು. ಒಂದಲ್ಲ, ಮತ್ತೆ ಮತ್ತೆ. ಕೈಯೊಳಗೆ ಗೆಜ್ಜೆ ಘಲಘಲ ಎಂದವು.

"ಬಿಡು ತಾತಾ," ಎಂದಳು ಕನಕ, ಉಸಿರು ಸಾಲದೆ, ಕಣ್ಣಲ್ಲಿ ನೀರು ತುಂಬಿ. "ಹಿಂದ... ಹಿಂದ ನೋಡು. ಹಸು ನಿನ್ನ ಟವೆಲ್ಲು ತಿಂತೈತಿ."

ಬೀದಿಯ ಬಿಳಿ ಹಸು ಬಾಗಿಲ ಒಳಗೆ ತಲೆ ಹಾಕಿ, ಅವರ ಹೆಗಲ ಮೇಲಿಂದ ಎಳೆದುಕೊಂಡ ಟವೆಲನ್ನು ಶಾಂತವಾಗಿ ಮೆಲ್ಲುತ್ತಿತ್ತು. ಲಿಂಗರಾಜು ಅದನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಅವಳ ಕಣ್ಣು ನಗುತ್ತಿದ್ದವು. ಅವರು ಅಲ್ಲೇ ನೆಲದ ಮೇಲೆ ಕೂತರು. ಪಾದಗಳನ್ನು ಬಿಡಲಿಲ್ಲ, ಅವು ಒದೆಯುವುದನ್ನೂ ಬಿಡಲಿಲ್ಲ. ಫೋನು ಜೇಬಿನಲ್ಲಿತ್ತು, ಅದು ಅವರಿಗೆ ನೆನಪೂ ಆಗಲಿಲ್ಲ.

ಹಸುವನ್ನು ಪಕ್ಕಕ್ಕೆ ಸರಿಸಿ ಬಂದ ಏಲೂರಿನ ಗಿರಾಕಿ, ನೆಲದ ಮೇಲೆ ಕೂತು ಅಳುತ್ತಿರುವ ಅಂಗಡಿ ಯಜಮಾನರನ್ನು ಕಂಡು ಹೊಸ್ತಿಲಲ್ಲೇ ನಿಂತ. ಅವರ ಪದ್ಧತಿ ಗೊತ್ತಿದ್ದವನು, ಮಾತಾಡಿಸಬಹುದೋ ಬೇಡವೋ ಎಂದು ಅಳುಕುತ್ತ ಕೇಳಿದ.

"ಬೋಣಿ ಅಯಿಂದಾ ಅಂಡಿ?"

"ಅಯಿಂದಿ," ಎಂದರು ಲಿಂಗರಾಜು. ಬೋಣಿ ಆಯಿತು ಎಂದು, ಹಸು ಟವೆಲು ಮುಗಿಸುವುದನ್ನು ನೋಡುತ್ತ, ಕನ್ನಡದಲ್ಲೂ ಇನ್ನೊಮ್ಮೆ ಹೇಳಿದರು.